ಕಲಬುರಗಿಯ ಒಂದು ಹೇರ್ ಸಲೂನ್ ಮೇಕಪ್ ಬ್ರ್ಯಾಂಡುಗಳನ್ನು ಆರಿಸಿಕೊಂಡ ಬಗೆ

ಸೇಡಂ ರಸ್ತೆಯ ಕಡೆಗಿರುವ ಈ ಸಲೂನ್ ಹೆಸರು ಮಾಡಿದ್ದು ಕೂದಲಿನ ಕೆಲಸದಿಂದ. ಕಟಿಂಗ್, ಬಣ್ಣ, ಸ್ಮೂದನಿಂಗ್, ಮದುವೆಯ ಜಡೆ. ಮೂರು ಕುರ್ಚಿ, ಇಬ್ಬರು ಸಹಾಯಕಿಯರು, ಹಿಂದಿನ ಕೋಣೆಯಲ್ಲಿ ತಲೆ ತೊಳೆಯುವ ತೊಟ್ಟಿ. ಜಡೆ ಹಾಕಿಸಿಕೊಳ್ಳಲು ಬಂದ ಮದುಮಗಳು ಮುಖದ ಅಲಂಕಾರಕ್ಕೆ ಮಾತ್ರ ಇನ್ನೊಂದು ಪಾರ್ಲರಿಗೆ ಹೋಗುತ್ತಿದ್ದಳು. ಕೈಗೆ ಬಂದ ಕೆಲಸ ಅರ್ಧ ಬಿಟ್ಟುಹೋಗುವುದನ್ನು ಎಷ್ಟು ದಿನ ನೋಡುವುದು? ಮಾಲಕಿ ಮೇಕಪ್ ತರಬೇತಿ ಪಡೆದು, ಒಬ್ಬ ಸಗಟು ವ್ಯಾಪಾರಿಯಿಂದ ‘ಬ್ರೈಡಲ್ ಕಿಟ್’ ಎಂಬ ದೊಡ್ಡ ಪೆಟ್ಟಿಗೆಯನ್ನು ಒಟ್ಟಿಗೆ ಖರೀದಿಸಿದರು. ಮೊದಲು ಹಚ್ಚುವ ಪ್ರೈಮರ್‌ನಿಂದ ಹಿಡಿದು ಮೇಕಪ್ ನಿಲ್ಲಲೆಂದು ಕೊನೆಗೆ ಹೊಡೆಯುವ ಸೆಟ್ಟಿಂಗ್ ಸ್ಪ್ರೇವರೆಗೆ ಎಲ್ಲವೂ ಒಂದೇ ಕಂಪನಿಯದು. ಚರ್ಮದ ಬಣ್ಣಕ್ಕೆ ಹೊಂದಿಸಿ ಮುಖಕ್ಕೆಲ್ಲ ಹಚ್ಚುವ ಫೌಂಡೇಶನ್ ಬಾಟಲಿಗಳೇ ಒಂದು ಸಾಲು.

ಆ ಪೆಟ್ಟಿಗೆಯಿಂದ ಮಾಡಿದ ಮೊದಲ ದೊಡ್ಡ ಮದುವೆ ಆಳಂದ ಕಡೆಯ ಲಿಂಗಾಯತ ಕುಟುಂಬದ್ದು. ಅಲಂಕಾರ ಮುಗಿದಾಗ ಕನ್ನಡಿಯಲ್ಲಿ ಎಲ್ಲರಿಗೂ ಒಪ್ಪಿಗೆಯಾಗಿತ್ತು. ಎರಡು ವಾರದ ಮೇಲೆ ಆಲ್ಬಂ ಬಂತು. ಹುಡುಗಿಯ ಸೋದರತ್ತೆ ಸಲೂನಿಗೇ ಬಂದು ಆಲ್ಬಂ ತೆರೆದಿಟ್ಟು, “ನಮ್ಮ ಹುಡುಗಿ ಇಷ್ಟು ಲಕ್ಷಣವಾಗಿದ್ದಾಳೆ, ನೀವು ಮುಖಕ್ಕೆ ಜೋಳದ ಹಿಟ್ಟು ಬಳಿದಂತೆ ಮಾಡಿದಿರಲ್ಲ ತಾಯಿ” ಎಂದರು. ಮಾಲಕಿ ಬಾಕಿ ಹಣ ಬಿಟ್ಟುಕೊಟ್ಟರು. ಸಂಜೆ ನನಗೆ ಫೋನ್ ಮಾಡಿ, “ಅಕ್ಕ, ಈ ಕಿಟ್ ಎಸೆದುಬಿಡುತ್ತೇನೆ. ಯಾವ ಬ್ರ್ಯಾಂಡ್ ತೆಗೆದುಕೊಳ್ಳಲಿ, ಒಂದು ಹೆಸರು ಹೇಳಿ” ಎಂದು ಕೇಳಿದರು.

ಮೇಕಪ್ ಕಲಿಸುವ ನನಗೆ ಈ ಕೋರಿಕೆ ಹೊಸದಲ್ಲ. ಒಂದು ಹೆಸರು ಹೇಳಿಬಿಟ್ಟರೆ ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ದೊಡ್ಡಸ್ತಿಕೆ. ಆದರೆ ಏನು ಕೆಟ್ಟಿತು ಎಂಬುದು ತಿಳಿಯದೆ ಹೆಸರು ಹೇಳಿದರೆ ಅದೇ ತಪ್ಪು ಇನ್ನಷ್ಟು ದುಬಾರಿ ಬಾಟಲಿಯಿಂದ ಆಗುತ್ತದೆ. ಫೋಟೊಗಳನ್ನು ನೋಡಬೇಕು, ಆಲ್ಬಂನದಷ್ಟೇ ಅಲ್ಲ, ನೆಂಟರ ಮೊಬೈಲಿನವೂ ಬೇಕು ಎಂದೆ.

ಫೋಟೊಗಳು ಹೇಳಿದ್ದು

ನೆಂಟರ ಮೊಬೈಲ್ ಚಿತ್ರಗಳು ಫ್ಲ್ಯಾಶ್ ಇಲ್ಲದೆ ಹಗಲು ಬೆಳಕಿನಲ್ಲಿ ತೆಗೆದವು. ಅವುಗಳಲ್ಲಿ ಮುಖ ಬಿಳಿಯಾಗಿರಲಿಲ್ಲ, ಬೂದಿ ಬಣ್ಣಕ್ಕೆ ತಿರುಗಿತ್ತು. ಕುತ್ತಿಗೆ ಬೆಚ್ಚನೆಯ ಗೋಧಿಗೆಂಪು, ದವಡೆಯ ಗೆರೆಯಿಂದ ಮೇಲೆ ಮಾತ್ರ ಮಂಕು. ಫೋಟೊಗ್ರಾಫರ್ ಫ್ಲ್ಯಾಶ್ ಹಾಕಿ ತೆಗೆದ ಚಿತ್ರಗಳಲ್ಲಿ ಇದರ ಮೇಲೆ ಇನ್ನೊಂದು ತೊಂದರೆ ಸೇರಿತ್ತು: ಕಣ್ಣಿನ ಕೆಳಗೆ, ಮೂಗಿನ ಮೇಲೆ, ಗಲ್ಲದ ತುದಿಯಲ್ಲಿ ಅಚ್ಚ ಬಿಳಿಯ ತೇಪೆಗಳು. ಅಕ್ಷತೆ ಬಿದ್ದ ನಂತರದ ಚಿತ್ರಗಳಲ್ಲಿ ಮೂರನೆಯದು ಕಂಡಿತು. ಬಾಸಿಂಗ ಕಟ್ಟಿದ್ದ ಹಣೆಯ ಮೇಲೆ ಫೌಂಡೇಶನ್ ಸಣ್ಣ ಸಣ್ಣ ಉಂಡೆಗಳಾಗಿ ಎದ್ದು, ಕೂದಲಿನ ಅಂಚಿನಲ್ಲಿ ಜಾರಿ ಹೋಗಿತ್ತು.

ಮೂರಕ್ಕೂ ಕಾರಣ ಬೇರೆ ಬೇರೆ, ಬ್ರ್ಯಾಂಡಿನ ಮೇಲೆ ಹೊರಿಸಬಹುದಾದದ್ದು ಒಂದೇ.

ಬೂದಿ ಬಣ್ಣವನ್ನು ಮೊದಲು ತೆಗೆದುಕೊಳ್ಳೋಣ. ಫೌಂಡೇಶನ್ನಿನ ಬಣ್ಣ ಬರುವುದು ನಾಲ್ಕು ಪುಡಿಗಳಿಂದ: ಬಿಳಿಯ ಟೈಟಾನಿಯಂ ಡೈಆಕ್ಸೈಡ್, ಹಳದಿ, ಕೆಂಪು ಮತ್ತು ಕಪ್ಪು ಐರನ್ ಆಕ್ಸೈಡ್. ತಿಳಿ ಚರ್ಮಕ್ಕೆಂದು ಮಾಡಿದ ಮಿಶ್ರಣಕ್ಕೆ ಒಂದಷ್ಟು ಕಪ್ಪು ಸೇರಿಸಿ ‘ಡಾರ್ಕ್ ಶೇಡ್’ ಎಂದು ಮಾರಿದರೆ, ಅದು ನಮ್ಮ ಕಡೆಯ ಗೋಧಿ ಬಣ್ಣ ಮತ್ತು ಎಣ್ಣೆಗಪ್ಪು ಚರ್ಮದ ಮೇಲೆ ಬೂದಿಯಾಗಿಯೇ ಕಾಣುತ್ತದೆ. ಕಪ್ಪಿಗೆ ತಕ್ಕಷ್ಟು ಹಳದಿ, ಕೆಂಪು ಇರಬೇಕು. ಕಿಟ್ಟಿನ ಸಾಲಿನಲ್ಲಿದ್ದ ಬಾಟಲಿಗಳನ್ನು ಒಂದೊಂದಾಗಿ ಬಿಳಿ ಕಾಗದದ ಮೇಲೆ ಎಳೆದು ನೋಡಿದೆವು. ಅರ್ಧಕ್ಕಿಂತ ಹೆಚ್ಚು ಈ ಊರಿನ ಯಾವ ಮುಖಕ್ಕೂ ಹೊಂದದಷ್ಟು ತಿಳಿ ಗುಲಾಬಿ, ಉಳಿದವುಗಳಲ್ಲಿ ಗಾಢವಾದವು ಬೂದು. ಇದು ನಿಜಕ್ಕೂ ಬ್ರ್ಯಾಂಡಿನ ದೋಷ. ಆ ಕಂಪನಿಯ ಫೌಂಡೇಶನ್ ಕೆಟ್ಟದ್ದೇನೂ ಅಲ್ಲ, ಆದರೆ ಅದನ್ನು ನಮ್ಮಂಥವರ ಮುಖ ಎದುರಿಗಿಟ್ಟುಕೊಂಡು ಮಾಡಿರಲಿಲ್ಲ.

ಬಿಳಿ ತೇಪೆ ಬಂದದ್ದು ಪೌಡರಿನಿಂದ. ‘ಎಚ್‌ಡಿ’ (ಹೈ ಡೆಫಿನಿಷನ್) ಎಂದು ಬರೆದ ಅಚ್ಚಬಿಳಿ ಲೂಸ್ ಪೌಡರುಗಳಲ್ಲಿ ಹೆಚ್ಚಿನವು ಸಿಲಿಕಾ. ಬರಿಗಣ್ಣಿಗೆ ಚರ್ಮ ನುಣುಪಾಗಿ ಕಾಣುತ್ತದೆ, ಫ್ಲ್ಯಾಶ್ ಬಿದ್ದಾಗ ಬೆಳಕನ್ನು ನೇರವಾಗಿ ಕ್ಯಾಮೆರಾಕ್ಕೇ ತಿರುಗಿಸುತ್ತದೆ. ಸೂರ್ಯನ ಬಿಸಿಲಿನಿಂದ ಕಾಪಾಡುವ ಸತುವಿನ ಆಕ್ಸೈಡ್ ಇರುವ ಕ್ರೀಮುಗಳದೂ ಇದೇ ಗುಣ. ಯಾವ ಕಂಪನಿಯ ಪೌಡರನ್ನಾದರೂ ಹೆಚ್ಚು ಒತ್ತಿ, ಉಳಿದದ್ದನ್ನು ಕೊಡವದೆ ಬಿಟ್ಟರೆ ಹೀಗಾಗುತ್ತದೆ. ಪರೀಕ್ಷೆ ತುಂಬ ಸರಳ: ದೀಪ ಆರಿಸಿ, ಮೊಬೈಲಿನ ಫ್ಲ್ಯಾಶ್ ಹಾಕಿ ಒಂದು ಚಿತ್ರ ತೆಗೆಯುವುದು. ಸಲೂನಿನಲ್ಲಿ ಅದನ್ನು ಯಾರೂ ಮಾಡಿರಲಿಲ್ಲ.

ಹಣೆಯದು ಇವೆರಡಕ್ಕಿಂತ ಸ್ವಾರಸ್ಯದ್ದು, ಏಕೆಂದರೆ ಅದು ಕೂದಲಿನ ಸಲೂನಿಗೇ ವಿಶೇಷವಾದ ತೊಂದರೆ. ಜಡೆ ಬಿಗಿಯಾಗಿ ಕೂರಲೆಂದು ಸಹಾಯಕಿ ಕೂದಲಿನ ಅಂಚಿಗೆ ಸೀರಮ್ ಹಚ್ಚಿದ್ದಳು. ಮನೆಯಲ್ಲಿ ಹಿಂದಿನ ರಾತ್ರಿ ಹಚ್ಚಿದ ಕೊಬ್ಬರಿ ಎಣ್ಣೆಯೂ ಪೂರ್ತಿ ಹೋಗಿರಲಿಲ್ಲ. ಅದರ ಮೇಲೆ ನೀರು ಆಧಾರದ ಪ್ರೈಮರ್, ಅದರ ಮೇಲೆ ಅದರೊಡನೆ ಬೆರೆಯದ ಸಿಲಿಕೋನ್ ಆಧಾರದ ಫೌಂಡೇಶನ್. ಮೇಕಪ್ ಮುಗಿದ ಮೇಲೆ ಜಡೆಗೆ ಹೇರ್ ಸ್ಪ್ರೇ ಹೊಡೆದಾಗ ಅರ್ಧ ಹಣೆಯ ಮೇಲೆ ಬಿದ್ದಿತ್ತು. ಕೊನೆಗೆ ಮಂಟಪದಲ್ಲಿ ನೀರಿನಲ್ಲಿ ಕಲಸಿದ ವಿಭೂತಿ ಮತ್ತು ಬಾಸಿಂಗದ ದಾರ. ಇಷ್ಟೊಂದು ಪದರಗಳನ್ನು ಹೊತ್ತು ನಿಲ್ಲುವ ಫೌಂಡೇಶನ್ ಬರ್ಲಿನ್ನಿನಲ್ಲೂ ಸಿಗುವುದಿಲ್ಲ, ನ್ಯೂಯಾರ್ಕಿನಲ್ಲೂ ಸಿಗುವುದಿಲ್ಲ.

ಹಾಗಾಗಿ ಬ್ರ್ಯಾಂಡಿನ ಮಾತಿಗೆ ಬರುವ ಮೊದಲೇ ಕೆಲಸದ ಕ್ರಮ ಬದಲಾಯಿತು. ಬಿಸಿ ಉಪಕರಣ, ಸೀರಮ್, ಸ್ಪ್ರೇ ಎಲ್ಲ ಮೊದಲು. ನಂತರ ಕೂದಲಿನ ಅಂಚನ್ನು ಜಿಡ್ಡು ತೆಗೆಯುವ ಮೈಸೆಲರ್ ನೀರಿನಿಂದ ಒರೆಸಿ, ಒಣಗಿದ ಮೇಲೆ ಮುಖದ ಕೆಲಸ. ಕೊನೆಯಲ್ಲಿ ಸ್ಪ್ರೇ ಬೇಕೇ ಆದರೆ ಹಣೆಗೆ ಅಂಗೈ ಅಥವಾ ಕಾಗದ ಅಡ್ಡ ಹಿಡಿಯುವುದು. ವಿಭೂತಿ ಬರುವ ಹಣೆಯ ನಡುವೆ ಫೌಂಡೇಶನ್ ಅತಿ ತೆಳು.

ಮದುವೆಯ ದಿನದ ಚರ್ಮ

ಬ್ರ್ಯಾಂಡಿನ ಜಾಹೀರಾತಿನಲ್ಲಿ ಕಾಣುವ ಮುಖಕ್ಕೂ ಕಲಬುರಗಿಯ ಮದುವೆಯ ಬೆಳಗಿನ ಮುಖಕ್ಕೂ ಬಹಳ ಅಂತರ. ಇಲ್ಲಿ ಅರಿಶಿನ ಹಚ್ಚಿ ಸುರಗಿ ಸುತ್ತಿ ನೀರು ಹಾಕಿದ ಮೇಲೆ ಹುಡುಗಿ ಅಲಂಕಾರಕ್ಕೆ ಕೂರುತ್ತಾಳೆ. ಚರ್ಮ ಹಳದಿಗೆ ತಿರುಗಿರುತ್ತದೆ. ಒಂದು ವಾರದ ಹಿಂದೆ ಟ್ರಯಲ್‌ನಲ್ಲಿ ಸರಿಯಾಗಿ ಹೊಂದಿದ ಶೇಡ್ ಅಂದು ಗುಲಾಬಿಯಾಗಿ ಕಾಣುತ್ತದೆ. ಅಂದಿನ ಹಳದಿಗೆ ಹೊಂದಿಸಿದರೆ, ಸಂಜೆಯ ಆರತಕ್ಷತೆಗೆ ಮುಖ ತೊಳೆದು ಮತ್ತೆ ಹಚ್ಚುವಾಗ ಅದೂ ತಪ್ಪುತ್ತದೆ. ಗಾಬರಿಯಾಗಿ ಸೋಪು ಹಾಕಿ ತಿಕ್ಕುವವರಿದ್ದಾರೆ. ಅರಿಶಿನಕ್ಕೆ ಕ್ಷಾರ ತಗುಲಿದರೆ ಕೆಂಪಾಗುತ್ತದೆ, ಸುಣ್ಣ ಬೆರೆಸಿ ಕುಂಕುಮ ಮಾಡುವುದು ಇದೇ ಗುಣದಿಂದ. ಎಣ್ಣೆಯಲ್ಲಿ ಅರಿಶಿನದ ಬಣ್ಣ ಕರಗುತ್ತದೆ. ಆದ್ದರಿಂದ ಸಲೂನಿನ ಪಟ್ಟಿಗೆ ಮೊದಲು ಸೇರಿದ್ದು ಫೌಂಡೇಶನ್ ಅಲ್ಲ, ಎಣ್ಣೆ ಆಧಾರದ ಒಂದು ಒಳ್ಳೆಯ ಕ್ಲೆನ್ಸಿಂಗ್ ಬಾಮ್. ಅದರಿಂದ ಮುಖ, ಕಿವಿ, ಕುತ್ತಿಗೆ ಒರೆಸಿ, ಎಣ್ಣೆಯ ಜಿಡ್ಡನ್ನು ಪೂರ್ತಿ ತೆಗೆದ ಮೇಲೆಯೇ ಶೇಡ್ ನೋಡುವುದು. ಅದೂ ಟ್ಯೂಬ್‌ಲೈಟಿನ ಕೆಳಗಲ್ಲ, ಬಾಗಿಲ ಬಳಿ ಹಗಲು ಬೆಳಕಿನಲ್ಲಿ.

ಇನ್ನೊಂದು ಸಂಗತಿಯನ್ನು ಸಂಕೋಚವಿಲ್ಲದೆ ಕೇಳಬೇಕೆಂದು ಮಾಲಕಿಗೆ ಹೇಳಿದೆ: ಹುಡುಗಿ ಬೆಳ್ಳಗಾಗುವ ಕ್ರೀಮ್ ಯಾವುದಾದರೂ ಹಚ್ಚುತ್ತಿದ್ದಾಳೆಯೇ? ಮದುವೆ ಗೊತ್ತಾದ ಕೂಡಲೇ ಔಷಧಿ ಅಂಗಡಿಯಿಂದ ಸ್ಟೀರಾಯ್ಡ್ ಬೆರೆತ ಟ್ಯೂಬ್ ತಂದು ಹಚ್ಚುವ ರೂಢಿ ಇನ್ನೂ ಹೋಗಿಲ್ಲ. ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲೇ ಆದೇಶವಾಗಿದೆ. ಹಚ್ಚುತ್ತಾ ಹಚ್ಚುತ್ತಾ ಚರ್ಮ ತೆಳುವಾಗಿ, ಕೆಂಪಾಗಿ, ಯಾವ ಪ್ರೈಮರ್ ಹಾಕಿದರೂ ಉರಿಯುತ್ತದೆ. ಉರಿದಾಗ ಬೈಗುಳ ತಿನ್ನುವುದು ಸಲೂನಿನ ಬ್ರ್ಯಾಂಡು. ಟ್ರಯಲ್ ದಿನ ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಒಂದು ದಿನ ಕಾಯುವ ಪದ್ಧತಿಯನ್ನು ಮೇಕಪ್ಪಿಗೂ ಇಟ್ಟುಕೊಂಡರು. ಕೂದಲ ಬಣ್ಣಕ್ಕೆ 48 ಗಂಟೆ ಮೊದಲೇ ಹೀಗೆ ಪರೀಕ್ಷಿಸುವುದು ಅವರಿಗೆ ಅಭ್ಯಾಸವಾಗಿತ್ತು, ಆದ್ದರಿಂದ ಇದು ಹೊರೆಯೆನಿಸಲಿಲ್ಲ.

ಹವೆಯದೂ ಒಂದು ಮಾತು. ಅಕ್ಷಯ ತೃತೀಯ, ಬಸವ ಜಯಂತಿಯ ಆಸುಪಾಸಿನ ಲಗ್ನಗಳು ಇಲ್ಲಿ 40 ಡಿಗ್ರಿ ದಾಟಿದ ಒಣ ಬಿಸಿಲಿನಲ್ಲಿ ನಡೆಯುತ್ತವೆ. ಕರಾವಳಿಯ ಕಲಾವಿದೆಯರು ಹೊಗಳುವ, ಹೊಳಪಿಲ್ಲದ ಕಡು ಮ್ಯಾಟ್ ಫೌಂಡೇಶನ್ ಇಲ್ಲಿ ಒಣ ಚರ್ಮದ ಮೇಲೆ ಬಿರುಕು ಬಿಡುತ್ತದೆ. ಅದೇ ಹುಡುಗಿ ಮಂಟಪದ ಒಳಗೆ ಜನ, ಹೋಮದ ಹೊಗೆ, ವಿಡಿಯೋ ದೀಪಗಳ ನಡುವೆ ಕೂತಾಗ ಬೆವರು ಧಾರಾಕಾರ. ಎರಡನ್ನೂ ತಾಳಿಕೊಳ್ಳಬೇಕಾದರೆ ಒಳಗೆ ತೇವ ಕೊಡುವ ತೆಳು ಪದರ, ಮೇಲೆ ಬೇಗ ಒಣಗಿ ಅಂಟಿಕೊಳ್ಳುವ ಸಿಲಿಕೋನ್ ಫೌಂಡೇಶನ್, ಹೊಳೆಯುವ ಜಾಗಕ್ಕಷ್ಟೇ ಪೌಡರ್.

ಯಾವುದನ್ನು ಎಲ್ಲಿಂದ

ಇನ್ನು ಹೆಸರುಗಳು. ಎಲ್ಲವೂ ಒಂದೇ ಕಂಪನಿಯದಾಗಿರಬೇಕೆಂಬ ಹಟವನ್ನು ಮೊದಲು ಬಿಡಿಸಬೇಕಾಯಿತು. ಕಪಾಟು ಕಣ್ಣಿಗೆ ಚೆಂದ ಕಾಣುತ್ತದೆ ಎಂಬುದನ್ನು ಬಿಟ್ಟರೆ ಅದರಿಂದ ಲಾಭವಿಲ್ಲ. ಚೆನ್ನಾಗಿ ಕಾಡಿಗೆ ಮಾಡುವವರು ಚೆನ್ನಾಗಿ ಫೌಂಡೇಶನ್ ಮಾಡುತ್ತಾರೆಂದು ಎಲ್ಲೂ ಬರೆದಿಲ್ಲ.

ಹಣ ಹೆಚ್ಚು ಹಾಕಬೇಕಾದದ್ದು ಮುಖದ ಮೂಲ ಪದರಕ್ಕೆ. ಇಲ್ಲಿ ಎರಡು ದಾರಿಗಳಿದ್ದವು. ಒಂದು ಕ್ರಯೋಲಾನ್. 1945ರಲ್ಲಿ ಬರ್ಲಿನ್ನಿನಲ್ಲಿ ಶುರುವಾದ ಈ ಕಂಪನಿ ನಾಟಕ, ಸಿನಿಮಾ, ದೂರದರ್ಶನದವರಿಗಾಗಿ ಬಣ್ಣ ಮಾಡುತ್ತಾ ಬಂದದ್ದು. ಅವರ ಟಿವಿ ಪೇಂಟ್ ಸ್ಟಿಕ್ ಭಾರತದ ಮದುವೆ ಮೇಕಪ್ಪಿನಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿದೆ. ಬಣ್ಣದ ಅಂಶ ಗಟ್ಟಿ, ಸ್ವಲ್ಪವೇ ಸಾಕು, ಎರಡು ಕಡ್ಡಿಗಳನ್ನು ಕಲಸಿ ಮೂರನೆಯ ಬಣ್ಣ ಮಾಡಿಕೊಳ್ಳಬಹುದು. ಆದರೆ ಜಿಡ್ಡಿನ ಆಧಾರದ್ದು. ಕೈ ಪಳಗದವರು ಹಚ್ಚಿದರೆ ದಪ್ಪವಾಗುತ್ತದೆ, ಪೌಡರ್ ಸರಿಯಾಗಿ ಕೂರಿಸದಿದ್ದರೆ ಬೇಸಿಗೆಯಲ್ಲಿ ಸರಿಯುತ್ತದೆ. ಇನ್ನೊಂದು ಎಂಎಸಿ (ಮ್ಯಾಕ್). ಇದರ ಹುಟ್ಟಿನ ಕಥೆ ಮಾಲಕಿಗೆ ಬಹಳ ಹಿಡಿಸಿತು. 1984ರಲ್ಲಿ ಟೊರೊಂಟೊದಲ್ಲಿ ಇದನ್ನು ಕಟ್ಟಿದವರಲ್ಲಿ ಒಬ್ಬ ಫ್ರಾಂಕ್ ಟೊಸ್ಕಾನ್ ಎಂಬ ಮೇಕಪ್ ಕಲಾವಿದ, ಇನ್ನೊಬ್ಬ ಫ್ರಾಂಕ್ ಏಂಜೆಲೊ ಎಂಬ ಸಲೂನ್ ಮಾಲೀಕ. ಕ್ಯಾಮೆರಾದ ಮುಂದೆ ನಿಲ್ಲುವ ಬಣ್ಣ ಸಿಗದೆ ತಾವೇ ಮಾಡಿ, ಮೊದಲು ಸಲೂನಿನಿಂದಲೇ ಮಾರಿದವರು. “ಹಾಗಾದರೆ ನಮ್ಮವರೇ ಅನ್ನಿ” ಎಂದು ಮಾಲಕಿ ನಕ್ಕರು.

ಎಂಎಸಿಯ ಶೇಡ್ ಸಂಕೇತಗಳಲ್ಲಿ ಒಂದು ತಿರುವಿದೆ, ಕೊಳ್ಳುವವರು ಗೊತ್ತಿಟ್ಟುಕೊಳ್ಳಬೇಕು. ಎನ್‌ಸಿ ಎಂದರೆ ಅವರ ಲೆಕ್ಕದಲ್ಲಿ ತಂಪು, ಎನ್‌ಡಬ್ಲ್ಯೂ ಎಂದರೆ ಬೆಚ್ಚನೆ. ಆದರೆ ಸಾಮಾನ್ಯವಾಗಿ ಬೆಚ್ಚನೆಯದು ಎನ್ನುವ ಹಳದಿ, ಬಂಗಾರದ ಛಾಯೆಯ ಚರ್ಮಕ್ಕೆ ಹೊಂದುವುದು ಎನ್‌ಸಿ ಸಾಲು. ಗುಲಾಬಿ ಛಾಯೆಗೆ ಎನ್‌ಡಬ್ಲ್ಯೂ. ನಮ್ಮ ಕಡೆ ಹೆಚ್ಚು ಓಡುವುದು ಎನ್‌ಸಿ 40ರಿಂದ 45ರ ಸುತ್ತಮುತ್ತ. ಇದನ್ನು ತಿಳಿಯದೆ ‘ನಮ್ಮದು ಬೆಚ್ಚನೆಯ ಚರ್ಮ’ ಎಂದು ಎನ್‌ಡಬ್ಲ್ಯೂ ತಂದಿಟ್ಟ ಅಂಗಡಿಗಳನ್ನು ನೋಡಿದ್ದೇನೆ.

ಮಾಲಕಿ ತೀರ್ಮಾನಿಸಿದ್ದು ಹೀಗೆ. ಮದುಮಗಳಿಗೆ ದ್ರವ ಫೌಂಡೇಶನ್ ದುಬಾರಿ ಬ್ರ್ಯಾಂಡಿನದು, ಆದರೆ ಹತ್ತಾರು ಶೇಡ್ ಅಲ್ಲ. ತಿಳಿ, ನಡು, ಗಾಢ ಎಂದು ಮೂರು ನಾಲ್ಕು, ಅವುಗಳ ನಡುವಿನ ಬಣ್ಣಗಳನ್ನು ಕಲಸಿಕೊಳ್ಳುವುದು. ಕಲೆ, ಬಾಯಿಯ ಸುತ್ತಲಿನ ಕಪ್ಪು, ಕಣ್ಣಿನ ಕೆಳಗಿನ ಕಪ್ಪು ಮುಚ್ಚಲು ಕಿತ್ತಳೆ ಬಣ್ಣದ ಕರೆಕ್ಟರ್ ಇರುವ ಒಂದು ಕ್ರೀಮ್ ಪ್ಯಾಲೆಟ್. ಬೀಗರ ಕಡೆಯ ಹೆಂಗಸರು, ಕಾಲೇಜಿನ ಸಮಾರಂಭದ ಹುಡುಗಿಯರು ಮುಂತಾದ ‘ಪಾರ್ಟಿ ಮೇಕಪ್’ಗೆ ಮೇಬಲೀನ್ ಫಿಟ್ ಮಿ ಅಥವಾ ಲಾರಿಯಲ್ ಇನ್‌ಫಾಲಿಬಲ್ ಮಟ್ಟದ್ದು ಸಾಕು. ಐಶ್ಯಾಡೊ, ಲಿಪ್‌ಸ್ಟಿಕ್, ಬ್ಲಶ್‌ಗಳಿಗೆ ಭಾರತೀಯ ಬ್ರ್ಯಾಂಡುಗಳೇ ಸಾಕು: ಲ್ಯಾಕ್ಮೆ, ಶುಗರ್, ಪಿಎಸಿ, ಸ್ವಿಸ್ ಬ್ಯೂಟಿ. ಕೊನೆಯದರ ಹೆಸರಿನಲ್ಲಿ ಸ್ವಿಟ್ಜರ್ಲೆಂಡ್ ಇದ್ದರೂ ಕಂಪನಿ ನಮ್ಮದೇ ದೇಶದ್ದು. ಕೆಂಪು, ಮರೂನ್ ಲಿಪ್‌ಸ್ಟಿಕ್ಕಿಗೆ ಸಾವಿರಾರು ರೂಪಾಯಿ ಹಾಕುವುದು ನನ್ನ ದೃಷ್ಟಿಯಲ್ಲಿ ದುಂದು. ಊಟದ ಪಂಕ್ತಿಯಲ್ಲಿ ಹೋಳಿಗೆ ತುಪ್ಪ ತಿಂದ ಮೇಲೆ ಯಾವ ದೇಶದ ಲಿಪ್‌ಸ್ಟಿಕ್ಕೂ ಮತ್ತೊಮ್ಮೆ ಹಚ್ಚಲೇಬೇಕು.

ಪ್ರೈಮರ್ ಬಗ್ಗೆ ಒಂದು ಎಚ್ಚರ ಉಳಿದಿತ್ತು. ಲೇಬಲ್ಲಿನ ಮೊದಲ ಕೆಲವು ಹೆಸರುಗಳಲ್ಲಿ ಡೈಮೆಥಿಕೋನ್, ಸೈಕ್ಲೋಪೆಂಟಾಸಿಲಾಕ್ಸೇನ್ ಇದ್ದರೆ ಸಿಲಿಕೋನ್ ಆಧಾರದ್ದೆಂದು ಹೇಳಬಹುದು. ಆದರೆ ಅನೇಕ ಸಿಲಿಕೋನ್ ಫೌಂಡೇಶನ್‌ಗಳಲ್ಲೂ ಮೊದಲ ಹೆಸರು ನೀರಿನದೇ ಆಗಿರುತ್ತದೆ. ಲೇಬಲ್ ಓದುತ್ತಾ ಕೂರುವ ಬದಲು ಮುಂಗೈ ಮೇಲೆ ಎರಡನ್ನೂ ಒಂದೊಂದು ಹನಿ ಬೆರೆಸಿ ಉಜ್ಜುವುದು ಮೇಲು. ಒಂದಾದರೆ ಸರಿ. ಒಡೆದು ನೀರು ಬಿಟ್ಟರೆ, ಉಂಡೆ ಕಟ್ಟಿದರೆ ಆ ಜೋಡಿ ಬೇಡ. ಹಳೆಯ ಕಿಟ್ಟಿನ ಪ್ರೈಮರನ್ನು ಹೊಸ ಫೌಂಡೇಶನ್ನಿನೊಡನೆ ಹೀಗೆ ಉಜ್ಜಿದಾಗ ಅರ್ಧ ನಿಮಿಷದಲ್ಲಿ ಬೇರ್ಪಟ್ಟಿತು. ಅದನ್ನು ಪಕ್ಕಕ್ಕಿಟ್ಟರು.

ದರದ ಲೆಕ್ಕ ಮಾಲಕಿ ಅಂಜಿದಷ್ಟು ಭಯಂಕರವಾಗಿರಲಿಲ್ಲ. ಒಂದು ಮದುಮಗಳ ಮುಖ, ಕುತ್ತಿಗೆಗೆ ಒಂದೂವರೆ ಎಂಎಲ್ ಫೌಂಡೇಶನ್ ಎಂದು ಹಿಡಿಯಿರಿ. 30 ಎಂಎಲ್ ಬಾಟಲಿಯಲ್ಲಿ 20 ಮುಖ. ಬಾಟಲಿಗೆ 600 ರೂಪಾಯಿ ಆದರೆ ಮುಖಕ್ಕೆ 30, ಬಾಟಲಿಗೆ 3,000 ಆದರೆ ಮುಖಕ್ಕೆ 150. ವ್ಯತ್ಯಾಸ 120 ರೂಪಾಯಿ. ಮದುವೆಯ ಪ್ಯಾಕೇಜಿಗೆ ಸಾವಿರಗಟ್ಟಲೆ ತೆಗೆದುಕೊಳ್ಳುವ ಸಲೂನಿಗೆ ಇದು ಚಿಲ್ಲರೆ. ನಿಜವಾದ ನಷ್ಟ ಕೂತಿದ್ದು ಕಿಟ್ಟಿನ ಆ ಗುಲಾಬಿ ಬಾಟಲಿಗಳಲ್ಲಿ. ಯಾರಿಗೂ ಹೊಂದದೆ, ಒಮ್ಮೆ ತೆರೆದು ಬಿಟ್ಟು, ಅವಧಿ ಮುಗಿಯುವವರೆಗೆ ಕಪಾಟಿನಲ್ಲಿ ಕೂರುವ ಅಗ್ಗದ ಬಾಟಲಿಯಷ್ಟು ದುಬಾರಿ ಸರಕು ಬೇರೊಂದಿಲ್ಲ. ಜಿಎಸ್‌ಟಿ ನೋಂದಣಿಯ ಮಿತಿ ಸೇವೆಗೆ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು. ಅದರ ಕೆಳಗಿದ್ದು ನೋಂದಣಿ ಮಾಡಿಸದ ಇಂಥ ಸಲೂನಿಗೆ ಬಿಲ್ಲಿನಲ್ಲಿ ಕೊಟ್ಟ ತೆರಿಗೆ ವಾಪಸು ಬರುವುದಿಲ್ಲ, ಅದನ್ನೂ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಬೇಕು.

ಬಿಲ್ಲಿಲ್ಲದ ಅಗ್ಗ

ಬಿಲ್ಲಿನ ಮಾತು ಬಂದಾಗ ಮಾಲಕಿಯ ಮುಖ ಸ್ವಲ್ಪ ಸಣ್ಣದಾಯಿತು. ಪರಿಚಯದ ಏಜೆಂಟನೊಬ್ಬ ಹೈದರಾಬಾದಿನಿಂದ ಅದೇ ವಿದೇಶಿ ಬ್ರ್ಯಾಂಡನ್ನು ಮೂರನೇ ಒಂದು ಭಾಗದ ಬೆಲೆಗೆ ತಂದುಕೊಡುತ್ತೇನೆ, ಬಿಲ್ ಕೇಳಬಾರದು ಅಷ್ಟೇ ಎಂದಿದ್ದನಂತೆ. ಒಂದು ಬಾಟಲಿ ಮಾದರಿಗೆಂದು ಕೊಟ್ಟೂ ಹೋಗಿದ್ದ. ಅದನ್ನು ಮೇಜಿನ ಮೇಲಿಟ್ಟು ನೋಡಿದೆವು.

ಡಬ್ಬಿಯ ಮುದ್ರಣ ಅಚ್ಚುಕಟ್ಟಾಗಿಯೇ ಇತ್ತು. ತೂಕ ಮಾತ್ರ ಹಗುರ, ಗಾಜಿನ ತಳ ತೆಳು. ಸೌಂದರ್ಯವರ್ಧಕಗಳ ನಿಯಮಗಳು, 2020ರ ಪ್ರಕಾರ ಆಮದಾದ ಮೇಕಪ್ಪಿನ ಲೇಬಲ್ಲಿನಲ್ಲಿ ನೋಂದಣಿ ಪ್ರಮಾಣಪತ್ರದ ಸಂಖ್ಯೆ ಮತ್ತು ಆಮದುದಾರರ ಹೆಸರು, ವಿಳಾಸ ಇರಬೇಕು. ಸಾಮಾನ್ಯವಾಗಿ ಡಬ್ಬಿಯ ಹಿಂದೆ ಅಂಟಿಸಿದ ಬಿಳಿ ಚೀಟಿಯಲ್ಲಿ ಇವು ಸಿಗುತ್ತವೆ. ಈ ಡಬ್ಬಿಯಲ್ಲಿ ಚೀಟಿಯೇ ಇರಲಿಲ್ಲ. ಡಬ್ಬಿಯ ತಳದ ಬ್ಯಾಚ್ ಸಂಖ್ಯೆ ಒಂದು, ಬಾಟಲಿಯ ತಳದ್ದು ಇನ್ನೊಂದು. ಇಲ್ಲೇ ತಯಾರಾದ ಸರಕಾದರೆ ತಯಾರಕರ ಪರವಾನಗಿ ಸಂಖ್ಯೆ, ಬ್ಯಾಚ್, ಬಳಸಬೇಕಾದ ಕೊನೆಯ ದಿನಾಂಕ, ಒಳಗಿನ ಪದಾರ್ಥಗಳ ಪಟ್ಟಿ ನೋಡಬೇಕು. ಸಹಾಯಕಿ ಮುಚ್ಚಳ ತೆರೆದಳು. ಅಗ್ಗದ ಅತ್ತರಿನ ಘಾಟು ಕೋಣೆಯೆಲ್ಲ ಹಬ್ಬಿತು.

“ಗಿರಾಕಿಗೆ ಗೊತ್ತಾಗುವುದಿಲ್ಲವಲ್ಲ ಅಕ್ಕ” ಎಂದಳು ಆ ಹುಡುಗಿ, ಸುಮ್ಮನೆ ಕೇಳುವ ಧಾಟಿಯಲ್ಲಿ.

“ಅವಳ ಚರ್ಮಕ್ಕೆ ಗೊತ್ತಾಗುತ್ತದೆ” ಎಂದರು ಮಾಲಕಿ. ಬಾಟಲಿ ಏಜೆಂಟನಿಗೆ ವಾಪಸು ಹೋಯಿತು.

ಇದರಲ್ಲಿ ಕಾನೂನೂ ಇದೆ: ನಕಲಿ ಸೌಂದರ್ಯವರ್ಧಕ ಮಾರುವುದು 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆಯ ಪ್ರಕಾರ ಅಪರಾಧ. ಪಾದರಸ, ಸೀಸದಂಥವುಗಳಿಗೆ ನಿಯಮಗಳಲ್ಲಿ ಮಿತಿಗಳಿವೆ, ಆದರೆ ಯಾರು ಮಾಡಿದರೆಂದೇ ತಿಳಿಯದ ಬಾಟಲಿಗೆ ಯಾವ ಮಿತಿ? ಹೈದರಾಬಾದಿನ ಬೇಗಂ ಬಜಾರಿಗೆ ಹೋಗಬಾರದೆಂದು ಇದರ ಅರ್ಥವಲ್ಲ. ಇಲ್ಲಿಂದ 200 ಚಿಲ್ಲರೆ ಕಿಲೋಮೀಟರ್ ದೂರದ ಆ ಪೇಟೆಯಿಂದ ಸಲೂನ್ ಇಂದಿಗೂ ಬ್ರಷ್, ಸ್ಪಾಂಜ್, ಪಿನ್ನು, ತುರುಬಿಗೆ ಇಡುವ ಡೋನಟ್, ಒಮ್ಮೆ ಬಳಸಿ ಎಸೆಯುವ ಕಡ್ಡಿಗಳನ್ನು ತರಿಸುತ್ತದೆ. ಚರ್ಮಕ್ಕೆ ತಾಗಿ ದಿನವಿಡೀ ಇರುವ ಬಣ್ಣಗಳು ಮಾತ್ರ ಕಂಪನಿಯ ಅಧಿಕೃತ ಮಳಿಗೆಯಿಂದ, ಬಿಲ್ಲಿನೊಂದಿಗೆ.

ಊರಿನಲ್ಲೇ ಮತ್ತೆ ಸಿಗುತ್ತದೆಯೇ ಎಂಬುದನ್ನು ನಾನು ಬ್ರ್ಯಾಂಡಿನ ಗುಣದಷ್ಟೇ ದೊಡ್ಡ ವಿಷಯವೆಂದು ಹಿಡಿಯುತ್ತೇನೆ. ಮಹಾನಗರದ ಕಲಾವಿದೆ ಬಾಟಲಿ ಮುಗಿದರೆ ಸಂಜೆಯೊಳಗೆ ಇನ್ನೊಂದು ತರುತ್ತಾಳೆ. ಕಲಬುರಗಿಯಲ್ಲಿ ವೈಶಾಖದ ಲಗ್ನಗಳ ನಡುವೆ ಒಂದು ಶೇಡ್ ಮುಗಿದರೆ ಕೊರಿಯರ್ ಕಾಯಬೇಕು, ಇಲ್ಲವೇ ಸೊಲ್ಲಾಪುರ, ಹೈದರಾಬಾದಿನ ರೈಲು ಹತ್ತಬೇಕು. ಹಾಗಾಗಿ ದುಬಾರಿ ಫೌಂಡೇಶನ್ನಿನ ಪ್ರತಿಯೊಂದು ಶೇಡಿಗೂ ಹತ್ತಿರದ ಜೋಡಿಯೊಂದನ್ನು ಸೂಪರ್ ಮಾರ್ಕೆಟ್ ಅಂಗಡಿಗಳಲ್ಲಿ ಸಿಗುವ ಬ್ರ್ಯಾಂಡುಗಳಿಂದ ಹುಡುಕಿ, ಪಕ್ಕಪಕ್ಕದಲ್ಲಿ ಕಾಗದದ ಮೇಲೆ ಎಳೆದು, ಹೆಸರು ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿದರು. ಈ ಹಾಳೆಯನ್ನು ಮಾಡಲು ಒಂದು ಮಧ್ಯಾಹ್ನ ಹಿಡಿಯಿತು. ಸಲೂನಿನಲ್ಲಿ ಈಗ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವುದು ಅದೇ.

ಇಟ್ಟುಕೊಳ್ಳುವುದು, ಬಳಸುವುದು

ಬಾಟಲಿಯ ಹಿಂದೆ ತೆರೆದ ಡಬ್ಬಿಯ ಚಿತ್ರ, ಅದರೊಳಗೆ 6ಎಂ, 12ಎಂ ಎಂದಿರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳು ಎಂದರ್ಥ. ಹೇರ್ ಕಲರ್ ಟ್ಯೂಬಿಗೆ ದಿನಾಂಕ ಬರೆಯುವ ಅಭ್ಯಾಸವಿದ್ದ ಸಹಾಯಕಿಯರಿಗೆ ಇದನ್ನು ಹೇಳಿಕೊಡುವುದು ಕಷ್ಟವಾಗಲಿಲ್ಲ. ತೆರೆದ ದಿನವನ್ನು ಮಾರ್ಕರಿನಿಂದ ತಳದಲ್ಲಿ ಬರೆಯುತ್ತಾರೆ. ಮಸ್ಕಾರಾಗೆ ಹೆಚ್ಚೆಂದರೆ ಆರು ತಿಂಗಳು. ಕಪಾಟನ್ನು ಹೇರ್ ಡ್ರೈಯರ್, ಸ್ಟೀಮರುಗಳ ಗೋಡೆಯಿಂದ ತೆಗೆದು ಒಳಕೋಣೆಗೆ ಸಾಗಿಸಿದರು. ಬಿಸಿಗೆ ಲಿಪ್‌ಸ್ಟಿಕ್ ಬೆವರುತ್ತಿತ್ತು, ಕ್ರೀಮ್ ಪ್ಯಾಲೆಟ್ಟಿನ ಮೇಲೆ ಎಣ್ಣೆ ತೇಲುತ್ತಿತ್ತು. ಮಂಟಪಕ್ಕೆ ಹೋಗುವಾಗ ಪೆಟ್ಟಿಗೆಯನ್ನು ಕಾರಿನ ಡಿಕ್ಕಿಯಲ್ಲಿ ಬಿಡದೆ ಕೈಯಲ್ಲೇ ಹಿಡಿದುಕೊಂಡು ಹೋಗುತ್ತಾರೆ.

ಎಷ್ಟು ಒಳ್ಳೆಯ ಬ್ರ್ಯಾಂಡಾದರೂ ಒಬ್ಬಳ ತುಟಿಗೆ ತಾಗಿಸಿದ ಕಡ್ಡಿಯನ್ನು ಇನ್ನೊಬ್ಬಳಿಗೆ ತಾಗಿಸಿದರೆ ಅದರ ಬೆಲೆ ಸೊನ್ನೆ. ಲಿಪ್‌ಸ್ಟಿಕ್ ಅನ್ನು ಚಮಚದಂಥ ಲೋಹದ ಪಟ್ಟಿಯಿಂದ ಕೆರೆದು ತಟ್ಟೆಗೆ ತೆಗೆದು ಬ್ರಷ್ಷಿನಲ್ಲಿ ಹಚ್ಚುವುದು, ಕಾಡಿಗೆ ಪೆನ್ಸಿಲನ್ನು ಪ್ರತಿ ಬಾರಿ ಕೆತ್ತಿ 70 ಪ್ರತಿಶತ ಐಸೊಪ್ರೊಪಿಲ್ ಆಲ್ಕೋಹಾಲ್ ಸಿಂಪಡಿಸುವುದು, ಮಸ್ಕಾರಾಗೆ ಎಸೆಯುವ ಕುಂಚ. ಕಣ್ಣುಬೇನೆಯ ಕಾಲದಲ್ಲಿ ಇದರ ಬಗ್ಗೆ ಯಾರೂ ವಾದಿಸುವುದಿಲ್ಲ. ಉಳಿದ ದಿನಗಳಲ್ಲಿ ಮಾಲಕಿಯೇ ಕಣ್ಣಿಡಬೇಕು.

ದರಪಟ್ಟಿಯ ಮೇಲಿನ ಹೆಸರು

ಗಿರಾಕಿಗಳು ಹೆಸರು ಕೇಳುತ್ತಾರೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. “ಎಚ್‌ಡಿ ಮಾಡುತ್ತೀರಾ? ಎಂಎಸಿ ಇದೆಯಾ?” ಎಂದೇ ಮಾತು ಶುರುವಾಗುತ್ತದೆ. ದರಪಟ್ಟಿಯಲ್ಲಿ ದೊಡ್ಡ ಬ್ರ್ಯಾಂಡಿನ ಹೆಸರು ಹಾಕಿ, ಖಾಲಿ ಬಾಟಲಿಗೆ ಅಗ್ಗದ್ದನ್ನು ತುಂಬುವ ಪಾರ್ಲರುಗಳಿವೆ ಎಂಬುದು ಈ ಕಸುಬಿನಲ್ಲಿ ಯಾರಿಗೂ ಗುಟ್ಟಲ್ಲ. ಈ ಸಲೂನ್ ಹೆಸರನ್ನು ಹಾಕಿತು, ಆದರೆ ಪದಾರ್ಥವಾರು: ಫೌಂಡೇಶನ್ ಇಂಥದ್ದು, ಪೌಡರ್ ಇಂಥದ್ದು, ಕಣ್ಣಿಗೆ ಇಂಥದ್ದು. ಟ್ರಯಲ್ ದಿನ ಮದುಮಗಳ ತಾಯಿ ಪಟ್ಟಿ ಹಿಡಿದು ಕಪಾಟಿನ ಮುಂದೆ ನಿಂತು ನೋಡಬಹುದು. ಹಾಗೆ ನೋಡಿದ ಒಬ್ಬರು ಲಿಪ್‌ಸ್ಟಿಕ್ ಇಷ್ಟು ಅಗ್ಗದ್ದೇ ಎಂದು ಮೂಗು ಮುರಿದರು. ಮಾಲಕಿ ಅದೇ ಬಣ್ಣವನ್ನು ಅವರ ಮುಂಗೈ ಮೇಲೆ ಎಳೆದು, ಚಹಾ ಕುಡಿಸಿ, ಹೊರಡುವಾಗ ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಲು ಹೇಳಿದರು. ಬಣ್ಣ ಹೋಗಲಿಲ್ಲ, ಬುಕಿಂಗ್ ಬಂತು.

ಮುಸ್ಲಿಂ ಕುಟುಂಬಗಳಿಂದ ಬರುವ ಪ್ರಶ್ನೆ ಬೇರೆ: ಇದರಲ್ಲಿ ಆಲ್ಕೋಹಾಲ್ ಇದೆಯೇ, ಪ್ರಾಣಿಯ ಕೊಬ್ಬು ಇದೆಯೇ? ಸೆಟ್ಟಿಂಗ್ ಸ್ಪ್ರೇಗಳಲ್ಲಿ ಆಲ್ಕೋಹಾಲ್ ಇರುವುದು ಸಾಮಾನ್ಯ. ಗೊತ್ತಿಲ್ಲದೆ ‘ಇಲ್ಲ’ ಎನ್ನುವ ಬದಲು ಡಬ್ಬಿಯನ್ನೇ ಕೈಗೆ ಕೊಟ್ಟು ಪದಾರ್ಥಗಳ ಪಟ್ಟಿ ತೋರಿಸುವ ರೂಢಿ ಬಂತು. ಆಲ್ಕೋಹಾಲ್ ಇಲ್ಲದ ಒಂದು ಸ್ಪ್ರೇಯನ್ನು ಅವರಿಗೆಂದೇ ಇಟ್ಟಿದ್ದಾರೆ. ಹಳೆಯ ಡಬ್ಬಿಗಳನ್ನೆಲ್ಲ ಎಸೆಯದಿರಲು ಇದೂ ಒಂದು ಕಾರಣವಾಯಿತು, ಪಟ್ಟಿ ಡಬ್ಬಿಯ ಮೇಲೇ ಇರುತ್ತದೆ.

ಹಳೆಯ ಕಿಟ್ಟಿನಲ್ಲಿ ಉಳಿದದ್ದು ಏನಾಯಿತು? ಐಶ್ಯಾಡೊ ಮತ್ತು ಬ್ಲಶ್ ಚೆನ್ನಾಗಿದ್ದವು, ಬಳಕೆಯಲ್ಲೇ ಇವೆ. ಬಿಳಿ ಪೌಡರ್ ಬದಲು ತಿಳಿ ಹಳದಿ ಛಾಯೆಯದು ಬಂತು. ತೆರೆಯದ ಗುಲಾಬಿ ಬಾಟಲಿಗಳನ್ನು ವ್ಯಾಪಾರಿ ವಾಪಸು ತೆಗೆದುಕೊಳ್ಳಲು ಒಪ್ಪಲಿಲ್ಲ. ತೆರೆದವುಗಳಲ್ಲಿ ಅತಿ ತಿಳಿಯದನ್ನು ಗಾಢ ಬಣ್ಣಕ್ಕೆ ಹನಿ ಬೆರೆಸಲು ಇಟ್ಟುಕೊಂಡಿದ್ದಾರೆ, ಉಳಿದವು ಸಹಾಯಕಿಯರು ಕೈ ಪಳಗಿಸಲು. ಎಣ್ಣೆಗಪ್ಪು ಬಣ್ಣಕ್ಕೆ ಹೊಂದುವ, ಕೆಂಪು ಛಾಯೆ ಹೆಚ್ಚಿರುವ ಒಂದು ಶೇಡ್ ಮಾತ್ರ ಇನ್ನೂ ಸರಿಯಾಗಿ ಸಿಕ್ಕಿಲ್ಲ. ಎರಡನ್ನು ಕಲಸಿ ಮಾಡಿಕೊಳ್ಳುತ್ತಿದ್ದಾರೆ.

ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಯಂತ್ರ ಕೊಳ್ಳುವ ವಿಚಾರ ಈಗ ಚರ್ಚೆಯಲ್ಲಿದೆ. ಮಾಲಕಿಗೆ ಆಸೆ, ನನಗೆ ಅನುಮಾನ. ಅದಕ್ಕೆಂದೇ ತೆಳುವಾಗಿ ಮಾಡಿದ ಬಣ್ಣ ಬೇಕು, ಅದೂ ಕೆಲವೇ ಶೇಡ್‌ಗಳಲ್ಲಿ ಸಿಗುತ್ತದೆ, ಊರಿನಲ್ಲಿ ದಾಸ್ತಾನಿಲ್ಲ. ಪ್ರತಿ ಮುಖದ ನಂತರ ನಳಿಕೆ ಬಿಚ್ಚಿ ತೊಳೆಯಬೇಕು, ಬೆಳಗಿನ ಜಾವದ ಮದುವೆಮನೆಯಲ್ಲಿ ಕರೆಂಟ್ ಹೋದರೆ ಕಂಪ್ರೆಸರ್ ನಿಲ್ಲುತ್ತದೆ. ಮುಂದಿನ ಯುಗಾದಿಗೆ ಮೊದಲು ಬೇರೊಬ್ಬರ ಯಂತ್ರವನ್ನು ಎರಡು ದಿನಕ್ಕೆ ಬಾಡಿಗೆಗೆ ತಂದು, ಸಹಾಯಕಿಯ ಮುಖದ ಮೇಲೆ ಹಚ್ಚಿ, ಕರೆಕ್ಟರ್ ಮೇಲೆ ಅದು ಹೇಗೆ ಕೂರುತ್ತದೆಂದು ಫ್ಲ್ಯಾಶ್ ಹಾಕಿ ನೋಡುವುದೆಂದು ಸದ್ಯಕ್ಕೆ ಒಪ್ಪಂದವಾಗಿದೆ.